ಗೇಜ್ ಬದಲಾದರೆ ಮಿತಿಯೂ ಬದಲು

ಪ್ರೆಸ್ಸಿನಲ್ಲಿ ಅಂಚು ಬಿಗಿಹಿಡಿದ ಉಕ್ಕಿನ ತಗಡಿನ ಮೇಲೆ ಪಂಚ್ ಇಳಿಯುತ್ತಿದ್ದಂತೆ ತಗಡು ಡೈಯೊಳಕ್ಕೆ ಹಿಗ್ಗುತ್ತದೆ. ಕಾರಿನ ಬಾಗಿಲು, ಉಕ್ಕಿನ ಇಂಧನ ಟ್ಯಾಂಕು, ಎಂಜಿನ್ನಿನ ಎಣ್ಣೆ ತಟ್ಟೆ ಎಲ್ಲವೂ ಆಗುವುದು ಹೀಗೆಯೇ. ಹಿಗ್ಗುವಿಕೆ ಒಂದು ಹಂತ ದಾಟಿದರೆ ಮೂಲೆಯಲ್ಲೆಲ್ಲೋ ಬಿರುಕು ಬಿಡುತ್ತದೆ. ಆಗ ಸಾಮಾನ್ಯವಾಗಿ ದೂರುವುದು ಉಕ್ಕನ್ನು, ಇಲ್ಲವೇ ಡೈಯನ್ನು. ದಪ್ಪದ ಕಡೆಗೆ ಗಮನ ಹೋಗುವುದು ಕಡಿಮೆ. ಅದೇ ಉಕ್ಕು ದಪ್ಪ ತಗಡಾಗಿದ್ದಾಗ ತಾಳಿದ ಎಳೆತವನ್ನು ತೆಳುವಾದಾಗ ತಾಳದೇ ಹೋಗಬಹುದು.

ಬಿರುಕು ಏಕಾಏಕಿ ಬರುವುದಿಲ್ಲ. ಮೊದಲು ಒಂದು ಕಿರಿದಾದ ಪಟ್ಟಿಯಷ್ಟೇ ಬೇಗ ಬೇಗ ತೆಳುವಾಗತೊಡಗುತ್ತದೆ. ಇದನ್ನು ನೆಕ್ಕಿಂಗ್ ಎನ್ನುತ್ತಾರೆ. ಅಲ್ಲಿಂದಾಚೆಗೆ ಸುತ್ತಲಿನ ಲೋಹ ಹಿಗ್ಗುವುದನ್ನು ನಿಲ್ಲಿಸುತ್ತದೆ, ಉಳಿದ ಎಳೆತವೆಲ್ಲ ಆ ಪಟ್ಟಿಯ ಪಾಲಿಗೆ ಬರುತ್ತದೆ. 1960ರ ದಶಕದಲ್ಲಿ ಅಮೆರಿಕದ ಸ್ಟುವರ್ಟ್ ಕೀಲರ್ ತಗಡಿನ ಮೇಲೆ ಸಣ್ಣ ಸಣ್ಣ ವೃತ್ತಗಳನ್ನು ಮೂಡಿಸಿ ಒತ್ತಿ, ಅವು ದೀರ್ಘವೃತ್ತಗಳಾದ ಮೇಲೆ ಉದ್ದ, ಅಗಲಗಳನ್ನು ಅಳೆದು, ಮಿತಿಯ ಗೆರೆಯನ್ನು ಚಿತ್ರದಲ್ಲಿ ಎಳೆದರು. 1968ರಲ್ಲಿ ಇನ್ನೊಬ್ಬ ಸಂಶೋಧಕ ಗುಡ್‌ವಿನ್ ಆ ಚಿತ್ರದ ಇನ್ನೊಂದು ಬದಿಯನ್ನು ತುಂಬಿದರು. ಎಷ್ಟು ಹಿಗ್ಗಿದರೆ ಕ್ಷೇಮ, ಎಲ್ಲಿಂದ ಅಪಾಯ ಎಂದು ತೋರುವ ಆ ಗೆರೆಯೇ ಫಾರ್ಮಿಂಗ್ ಲಿಮಿಟ್ ಕರ್ವ್.

ಒಂದು ದಿಕ್ಕಿಗಷ್ಟೇ ಹಿಗ್ಗಿ, ಅಡ್ಡಕ್ಕೆ ಏನೂ ಬದಲಾಗದ ಸ್ಥಿತಿಯಲ್ಲಿ ಈ ಗೆರೆ ಅತ್ಯಂತ ಕೆಳಗಿರುತ್ತದೆ. ಚೆನ್ನಾಗಿ ಹಿಗ್ಗುವ ಮೆದು ಉಕ್ಕಿಗೆ ಆ ಬಿಂದುವನ್ನು ಅಂದಾಜಿಸಲು ಕೀಲರ್ ಹೆಸರಿನ ಸರಳ ಸೂತ್ರವಿದೆ: ಮಿಲಿಮೀಟರ್ ದಪ್ಪವನ್ನು 14.13ರಿಂದ ಗುಣಿಸಿ 23.3 ಕೂಡಿಸಿದರೆ ಶೇಕಡಾ ಹಿಗ್ಗುವಿಕೆ ಸಿಗುತ್ತದೆ. ತಗಡಿನ ದಪ್ಪವನ್ನು ಸೂಚಿಸುವ ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 18 ಗೇಜ್ ತಗಡು 1.22 ಮಿ.ಮೀ. ಎಂದಿಟ್ಟುಕೊಂಡರೆ ಅದರ ಮಿತಿ ಸುಮಾರು ಶೇ. 40.5. 20 ಗೇಜಿನದು 0.91 ಮಿ.ಮೀ.; ಮಿತಿ ಶೇ. 36.2ಕ್ಕೆ ಇಳಿಯುತ್ತದೆ. ಸೂತ್ರ ಉಕ್ಕಿನದು, ಅದನ್ನು ಅಲ್ಯೂಮಿನಿಯಂಗೆ ಹಚ್ಚಬಾರದು.

ದಪ್ಪಕ್ಕೆ ಈ ಬಲ ಎಲ್ಲಿಂದ ಬಂತು? ನೆಕ್ಕಿಂಗ್ ಪಟ್ಟಿಯ ಅಗಲ ಹೆಚ್ಚುಕಡಿಮೆ ತಗಡಿನ ದಪ್ಪದಷ್ಟೇ ಇರುತ್ತದೆ. ತಗಡು ದಪ್ಪವಿದ್ದರೆ ಪಟ್ಟಿಯೂ ಅಗಲ, ಅಳೆಯುವ ವೃತ್ತದೊಳಗೆ ಹೆಚ್ಚು ಹಿಗ್ಗಿದ ಲೋಹವೂ ಹೆಚ್ಚು. ಜೊತೆಗೆ, ತೆಳು ತಗಡಿನಲ್ಲಿ ಸಣ್ಣ ಊನವೂ ದೊಡ್ಡದೇ. ಮೈಯಲ್ಲಿ 10 ಮೈಕ್ರಾನ್ ತಗ್ಗಿದ್ದರೆ 2 ಮಿ.ಮೀ. ತಗಡಿಗೆ ಅದು ಶೇ. 0.5, ಅರ್ಧ ಮಿ.ಮೀ. ತಗಡಿಗೆ ಶೇ. 2. ಇನ್ನೊಂದು ಕಾರಣ ಮಿತಿ ಅಳೆಯುವ ಪರೀಕ್ಷೆಯಲ್ಲೇ ಅಡಗಿದೆ: ಗುಂಡಗಿನ ಪಂಚಿನ ಮೇಲೆ ದಪ್ಪ ತಗಡು ಬಾಗಿದಾಗ ಹೊರಮೈ ಇನ್ನಷ್ಟು ಹಿಗ್ಗುತ್ತದೆ, ನಾವು ಅಳೆಯುವುದು ಆ ಹೊರಮೈಯನ್ನೇ. ಹಾಗಾಗಿ ದಪ್ಪದ ಲಾಭವೆಲ್ಲವೂ ಲೋಹದ ಗುಣವೆಂದು ನಾನು ಒಪ್ಪುವುದಿಲ್ಲ.

ಬಾಗಿಸುವ ಕೆಲಸದಲ್ಲಂತೂ ಲೆಕ್ಕ ತಿರುಗಿಯೇ ಬೀಳುತ್ತದೆ. ಒಳ ತಿರುವಿನ ತ್ರಿಜ್ಯ 2 ಮಿ.ಮೀ. ಇದ್ದರೆ 0.91 ಮಿ.ಮೀ. ತಗಡಿನ ಹೊರಮೈ ಸುಮಾರು ಶೇ. 18.5 ಹಿಗ್ಗುತ್ತದೆ, 1.22 ಮಿ.ಮೀ. ತಗಡಿನದು ಶೇ. 23ಕ್ಕೂ ಹೆಚ್ಚು. ಎಳೆತದಲ್ಲಿ ಗೆದ್ದ ದಪ್ಪ ತಗಡು ಬಿಗಿ ತಿರುವಿನಲ್ಲಿ ಮೊದಲು ಸೀಳುವ ಸಂಭವವಿದೆ.

ಪೀಣ್ಯದ ಪ್ರೆಸ್ ಶಾಪ್ ಆಗಲಿ, ಬಿಡದಿಯ ಕಾರು ಕಾರ್ಖಾನೆಯಾಗಲಿ, ತೂಕ ಇಳಿಸಬೇಕೆಂಬ ಒತ್ತಡ ಎಲ್ಲ ಕಡೆಯೂ ಇದೆ. 18ರಿಂದ 20 ಗೇಜಿಗೆ ಹೋದರೆ ಕಾಲು ಭಾಗ ಉಕ್ಕು ಉಳಿಯುತ್ತದೆ ಎನ್ನುವುದು ನಿಜವಾದ ಉಳಿತಾಯ. ಆದರೆ ಕಾರ್ಖಾನೆಗಳು ಗೆರೆಗಿಂತ ಸಾಮಾನ್ಯವಾಗಿ 10 ಶೇಕಡಾ ಅಂಶ ಕೆಳಗೆ ಇರಿಸಿಕೊಳ್ಳುವ ರಕ್ಷಣಾ ಅಂತರದಲ್ಲಿ ನಾಲ್ಕಕ್ಕೂ ಹೆಚ್ಚು ಅಂಶ ಅಲ್ಲೇ ಕರಗುತ್ತದೆ. ಗೇಜ್ ಬದಲಿಸುವ ಮುನ್ನ ಹೊಸ ತಗಡಿನ ಕೆಲವು ತುಂಡುಗಳ ಮೇಲೆ ವೃತ್ತ ಮೂಡಿಸಿ, ಹಳೆಯ ಡೈಯಲ್ಲೇ ಒತ್ತಿ, ಅತಿ ಹೆಚ್ಚು ಹಿಗ್ಗಿದ ಜಾಗವನ್ನು ಅಳೆದು ನೋಡಿ.