ಅವಧಾನಿಯ ಧಾರಣೆ, ಕಂಪ್ಯೂಟರಿನ ಸರದಿ

ಏಕಕಾಲಕ್ಕೆ ಹಲವು ಕೆಲಸಗಳನ್ನು ನಿರ್ವಹಿಸುವ ಮಲ್ಟಿಟಾಸ್ಕಿಂಗ್‌ಗೆ ಕನ್ನಡ ನಾಡಿನಲ್ಲಿ ಅಷ್ಟಾವಧಾನಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಪೃಚ್ಛಕರು, ಅಂದರೆ ಪ್ರಶ್ನೆಯೊಡ್ಡುವ ಎಂಟು ಮಂದಿ, ಸಮಸ್ಯಾಪೂರಣ, ದತ್ತಪದಿ, ನಿಷೇಧಾಕ್ಷರಿಯಂತಹ ಸವಾಲುಗಳನ್ನು ಸರದಿಯಂತೆ ಮುಂದಿಡುತ್ತಾರೆ; ಅವಧಾನಿಯು ಕಾಗದ, ಲೇಖನಿಗಳ ನೆರವಿಲ್ಲದೆ ಸುತ್ತಿಗೊಂದರಂತೆ ಪ್ರತಿ ಪದ್ಯದ ಸಾಲುಗಳನ್ನು ಛಂದಸ್ಸು ಕೆಡದಂತೆ ರಚಿಸುತ್ತ ಹೋಗಿ, ನಾಲ್ಕು ಸುತ್ತು ಮುಗಿದ ಮೇಲೆ ಆ ಪದ್ಯಗಳನ್ನೆಲ್ಲ ನೆನಪಿನಿಂದಲೇ ಪೂರ್ತಿಯಾಗಿ ಒಪ್ಪಿಸುತ್ತಾನೆ. ಈ ಒಪ್ಪಿಸುವಿಕೆಗೆ ಧಾರಣೆ ಎಂದು ಹೆಸರು. ನಡುವೆ ಅಪ್ರಸ್ತುತಪ್ರಸಂಗದ ಪೃಚ್ಛಕರು ಮನಬಂದಾಗಲೆಲ್ಲ ಸಂಬಂಧವಿಲ್ಲದ ಮಾತೆತ್ತಿ ಏಕಾಗ್ರತೆಯನ್ನು ಕದಡಲು ಯತ್ನಿಸುತ್ತಾರೆ. ಸಂಖ್ಯಾಬಂಧದವರು ಮಾಯಾಚೌಕದ ಯಾವುದೋ ಮನೆಯ ಅಂಕಿಯನ್ನು ಕೇಳುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ನೂರು ಪೃಚ್ಛಕರ ಎದುರು ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನ ನಡೆಸಿದರು.

ಕಂಪ್ಯೂಟರಿನ ಒಳಗೂ ನಡೆಯುವುದು ಇಂತಹ ಸರದಿಯೇ. ಅಮೆರಿಕದ ಎಂಐಟಿಯಲ್ಲಿ ಫೆರ್ನಾಂಡೊ ಕೊರ್ಬಾಟೊ ಅವರ ತಂಡವು 1961ರಲ್ಲಿ ಪ್ರದರ್ಶಿಸಿದ ವ್ಯವಸ್ಥೆಯು ಒಂದೇ ಯಂತ್ರದ ಸಮಯವನ್ನು ಚೂರುಚೂರಾಗಿ ಹಲವು ಬಳಕೆದಾರರಿಗೆ ಹಂಚಿತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಮುನ್ನ ಪ್ರೊಸೆಸರ್ ಅಲ್ಲಿಯವರೆಗಿನ ಲೆಕ್ಕವನ್ನೂ ಮುಂದೆ ಓದಬೇಕಾದ ಆದೇಶದ ವಿಳಾಸವನ್ನೂ ಸ್ಮೃತಿಯಲ್ಲಿ ಕಾಪಿಟ್ಟು, ಸರದಿ ಮರಳಿದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ; ಈ ಹೊರಳುವಿಕೆ ಅತ್ಯಂತ ಶೀಘ್ರವಾಗಿ ನಡೆಯುವುದರಿಂದ ಹಾಡು, ಚಿತ್ರ, ಬರಹಗಳೆಲ್ಲ ಒಟ್ಟಿಗೇ ನಡೆಯುತ್ತಿರುವಂತೆ ತೋರುತ್ತದೆ. ಇಂದಿನ ಪ್ರೊಸೆಸರುಗಳಲ್ಲಿ ಹಲವು ಕೋರ್‌ಗಳಿರುವುದರಿಂದ ಕೆಲವು ಕೆಲಸಗಳು ನಿಜವಾಗಿಯೂ ಜೊತೆಜೊತೆಗೆ ಸಾಗುತ್ತವೆಯಾದರೂ ಕೆಲಸಗಳ ಸಂಖ್ಯೆ ಕೋರ್‌ಗಳಿಗಿಂತ ಬಹಳ ಹೆಚ್ಚಿರುವುದರಿಂದ ಸರದಿ ತಪ್ಪುವುದಿಲ್ಲ.

ಸಾಮಾನ್ಯ ಮನುಷ್ಯನ ಗಮನಕ್ಕೆ ಇಂತಹ ಅಚ್ಚುಕಟ್ಟಾದ ಕಾಪು ಇಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದಂತೆ, ಅರ್ಧಕ್ಕೆ ಬಿಟ್ಟ ಕೆಲಸದ ಯೋಚನೆಯು ಮನಸ್ಸಿನಲ್ಲಿಯೇ ಉಳಿದು ಮುಂದಿನ ಕೆಲಸವನ್ನು ಕುಂದಿಸುತ್ತದೆ. ಇದನ್ನು ಗಮನದ ಶೇಷ ಎನ್ನಬಹುದು. ನಡೆಯುತ್ತ ಮಾತನಾಡುವುದು ಸುಲಭವಾಗುವುದು ನಡಿಗೆ ರೂಢಿಯಾಗಿರುವುದರಿಂದ. ಯೋಚನೆಯನ್ನು ಬೇಡುವ ಎರಡು ಕೆಲಸಗಳು ಮಾತ್ರ ಒಂದೇ ಗಮನಕ್ಕಾಗಿ ಪೈಪೋಟಿ ನಡೆಸುತ್ತವೆ.

ಅವಧಾನಿಯ ಅರ್ಧ ಪದ್ಯ ಅವನಿಗಾಗಿ ಕಾಯುತ್ತದೆ, ಕಂಪ್ಯೂಟರಿನ ಅರ್ಧ ಲೆಕ್ಕವೂ ಕಾಯುತ್ತದೆ. ಆದರೆ ವಿಜಯಪುರದಿಂದ ಬಬಲೇಶ್ವರಕ್ಕೋ ತಿಕೋಟಾಕ್ಕೋ ಹೋಗುವ ರಸ್ತೆ ಮೊಬೈಲ್ ನೋಡುತ್ತಿರುವ ಬೈಕ್ ಸವಾರನಿಗಾಗಿ ಕಾಯುವುದಿಲ್ಲ. ಸವಾರಿ ಮಾಡುವಾಗ ಮೊಬೈಲ್ ಜೇಬಿನಲ್ಲಿಯೇ ಇರಲಿ. ಕರೆ ಬಂದರೆ ಬದಿಗೆ ನಿಲ್ಲಿಸಿಯೇ ಮಾತನಾಡಬೇಕು.