ಏಳನೇ ತರಗತಿಯ ಬಾಯಲ್ಲಿ 32 ಹಲ್ಲಿಲ್ಲ

ಹಲ್ಲುಗಳ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಚಾರ್ಟ್ ತೂಗುಹಾಕಿ, 8 ಬಾಚಿಹಲ್ಲು, 4 ಕೋರೆಹಲ್ಲು, 8 ಮುಂದವಡೆ, 12 ಹಿಂದವಡೆ, ಒಟ್ಟು 32 ಎಂದು ಬರೆಸಿ ಮುಗಿಸುತ್ತೇವೆ. ಲೆಕ್ಕ ಸರಿಯೇ. ಆದರೆ ಅದು ದೊಡ್ಡವರ ಬಾಯಿಯ ಲೆಕ್ಕ. ಸಿರುಗುಪ್ಪದಲ್ಲಿ ಬೋಧನಾಭ್ಯಾಸದ ವೇಳೆ ಏಳನೇ ತರಗತಿಯ ಮಕ್ಕಳಿಗೆ ನಾಲಿಗೆಯ ತುದಿಯಿಂದ ಹಲ್ಲು ಎಣಿಸಲು ಹೇಳಿದೆ (ಬೆರಳು ಬೇಡವೆಂದು ಮೊದಲೇ ಹೇಳಿಬಿಡಬೇಕು). 24, 27, 23 ಎಂಬ ಉತ್ತರಗಳು ಬಂದವು. 32 ಯಾರಿಗೂ ಇರಲಿಲ್ಲ. ಕುರುಗೋಡಿನಲ್ಲಿ ಇದೇ ಪಾಠ ಮಾಡಿದ ಸಹಪಾಠಿಯ ತರಗತಿಯಲ್ಲೂ ಹೀಗೆಯೇ ಆಯಿತು. ಪಾಠ ಶುರುವಾಗಬೇಕಾದ್ದು ಇಲ್ಲಿಂದಲೇ ಎಂದು ನನ್ನ ಅಭಿಪ್ರಾಯ.

ಹಾಲುಹಲ್ಲುಗಳು 20. ಅವುಗಳಲ್ಲಿ ಮುಂದವಡೆ ಇರುವುದೇ ಇಲ್ಲ. ಹಾಲಿನ ದವಡೆಹಲ್ಲು ಬಿದ್ದ ಜಾಗದಲ್ಲಿ ಸುಮಾರು 10ರಿಂದ 12 ವರ್ಷದೊಳಗೆ ಮುಂದವಡೆ ಮೂಡುತ್ತದೆ. ಎರಡನೆಯ ಹಿಂದವಡೆ 12ರ ಆಸುಪಾಸಿನಲ್ಲಿ, ಬುದ್ಧಿಹಲ್ಲು 17 ದಾಟಿದ ಮೇಲೆ ಬರುತ್ತದೆ. ಕೆಲವರಿಗೆ ಬರುವುದೇ ಇಲ್ಲ. ಹಾಗಾಗಿ ಈ ವಯಸ್ಸಿನ ಮಕ್ಕಳ ಎಣಿಕೆ ಒಬ್ಬೊಬ್ಬರದು ಒಂದೊಂದು.

ಕೆಲಸವನ್ನು ವಿವರಿಸಲು ಚಾರ್ಟ್‌ಗಿಂತ ಬುತ್ತಿ ಮೇಲು. ಖಡಕ್ ಜೋಳದ ರೊಟ್ಟಿಯನ್ನು ಚೂಪು ಅಂಚಿನ ಬಾಚಿಹಲ್ಲು ಕತ್ತರಿಸುತ್ತದೆ. ಕಬ್ಬಿನ ಸಿಪ್ಪೆಯನ್ನು ಹಿಡಿದು ಸಿಗಿಯಲು ಮೊನಚಾದ, ಬೇರು ಉದ್ದವಿರುವ ಕೋರೆಹಲ್ಲು ಬೇಕು. ಶೇಂಗಾವನ್ನು ಮುಂದವಡೆ ಜಜ್ಜುತ್ತದೆ, ಅಗಲವಾದ ಹಿಂದವಡೆ ನುಣ್ಣಗೆ ಅರೆಯುತ್ತದೆ. ನಾಲ್ಕು ಶೇಂಗಾ ಕಾಳನ್ನು ಮುಂದಿನ ಹಲ್ಲುಗಳಿಂದಲೇ ಅಗಿಯಿರಿ ಎಂದೆ. ತರಗತಿಯೆಲ್ಲ ನಗು! ಆಮೇಲೆ ಕೆನ್ನೆಯ ಮೇಲೆ ಅಂಗೈ ಇಟ್ಟು ಹಿಂದಿನ ಹಲ್ಲುಗಳಲ್ಲಿ ಅಗಿಯಲು ಹೇಳಿದೆ. ಕೆಳದವಡೆ ಮೇಲೆ ಕೆಳಗೆ ಮಾತ್ರವಲ್ಲ, ಬೀಸುಕಲ್ಲಿನಂತೆ ಪಕ್ಕಕ್ಕೂ ಸರಿಯುವುದು ಕೈಗೇ ತಿಳಿಯಿತು.

ಇಷ್ಟರಲ್ಲಿ ಒಬ್ಬ ಹುಡುಗ, "ಟೀಚರ್, ನನ್ನ ಹಿಂದಿನ ಹಲ್ಲು ಹುಳುಕಾಗೈತ್ರಿ. ಬೀಳೋ ಹಲ್ಲು, ಇರಲಿ ಬಿಡು ಅಂದಾಳ ಅವ್ವ" ಎಂದ. ಹಿಂದಿನಿಂದ ಎಷ್ಟನೆಯದು ಎಂದು ಎಣಿಸಿದಾಗ ಅದು ಮೊದಲ ಹಿಂದವಡೆಯಾಗಿತ್ತು. ಆರನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುವ ಹಲ್ಲು ಇದು. ಆದ್ದರಿಂದಲೇ ಮನೆಯವರು ಇದನ್ನು ಹಾಲುಹಲ್ಲೆಂದು ತಿಳಿಯುತ್ತಾರೆ. ಇದು ಹೋದರೆ ಮತ್ತೆ ಹುಟ್ಟುವುದಿಲ್ಲ. ಅವ್ವನನ್ನು ಕರೆದುಕೊಂಡು ದಂತವೈದ್ಯರಲ್ಲಿಗೆ ಹೋಗು ಎಂದು ಅವನಿಗೆ ಹೇಳಿ, ತರಗತಿ ಶಿಕ್ಷಕರಿಗೂ ತಿಳಿಸಿದೆ.

ಬಳ್ಳಾರಿಗೆ ಮರಳಿದ ಮೇಲೆ ಪಾಠಯೋಜನೆಯ ಕೋಷ್ಟಕಕ್ಕೆ ಎರಡು ಕಲಂ ಸೇರಿಸಿದ್ದೇನೆ: 'ನನ್ನ ಬಾಯಲ್ಲಿ ಈಗ ಎಷ್ಟು', 'ಇನ್ನು ಬರಬೇಕಾದವು ಎಷ್ಟು'. ಐದನೇ, ಆರನೇ ತರಗತಿಗೆ ಹೋಗುವವರೂ ಇದನ್ನು ಬಳಸಬಹುದು.