ಹಕ್ಕಿ ನೋಡಲು ಗುಂಪು ಕಟ್ಟಿಕೊಂಡು ಹೊರಡುವ ಮುನ್ನ

ನವೆಂಬರ್ ಬಂತೆಂದರೆ ಶಾಲೆ, ಕಾಲೇಜು, ಬಡಾವಣೆಗಳ ಬಳಗಗಳು ಬಸ್ಸು ಮಾಡಿಕೊಂಡು ಕೆರೆಗಳ ಕಡೆ ಹೊರಡುತ್ತವೆ. ಹೊರಡಲೇಬೇಕು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿ ಸೇರಿವೆ. ಇವನ್ನು ನೋಡದವರು ಉಳಿಸುವುದಾದರೂ ಹೇಗೆ? ಆದರೆ ನಮ್ಮ ತಲೆಯಲ್ಲಿ ಬೇರೂರಿರುವ ಕೆಲವು ನಂಬಿಕೆಗಳಿಂದ ಹಕ್ಕಿಗೆ ತೊಂದರೆ, ನೋಡುವವರಿಗೆ ನಷ್ಟ.

“ವಿದೇಶಿ ಹಕ್ಕಿಗಳು ಇಲ್ಲಿಗೆ ಬಂದು ಮರಿ ಮಾಡಿಕೊಂಡು ಹೋಗುತ್ತವೆ”

ಬಸ್ಸಿನಲ್ಲಿ ಮೊದಲು ಕೇಳಿಬರುವ ಮಾತೇ ಇದು. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕು, ಹೆಜ್ಜಾರ್ಲೆ ಎಲ್ಲವೂ ನಮ್ಮ ನೆಲದವೇ. ನೀರು, ಮೀನು ಇದ್ದ ಕಡೆಗೆ ಊರಿಂದೂರಿಗೆ ಹೋಗುತ್ತವೆ, ಅಷ್ಟೆ. ನಿಜವಾದ ವಲಸಿಗರು ಬೇರೆ. ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಗೂಡು ಕಟ್ಟುವುದು ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ಬಳಿ, ಅಲ್ಲಿಯ ಬೇಸಿಗೆಯಲ್ಲಿ. ಹಿಮಾಲಯ ದಾಟಿ ಇಲ್ಲಿಗೆ ಬರುವುದು ಚಳಿಗಾಲ ಕಳೆಯಲು, ಮೇಯಲು. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಸೀಮೆಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಾಣಿಸಿವೆ.

ಈ ವ್ಯತ್ಯಾಸ ತಿಳಿದರೆ ಗುಂಪು ನಡೆದುಕೊಳ್ಳುವ ರೀತಿಯೇ ಬದಲಾಗುತ್ತದೆ. ಒಂದು ಕಡೆ ಬಾಣಂತಿತನ ನಡೆದಿದೆ, ಇನ್ನೊಂದು ಕಡೆ ದೂರದ ಪಯಣಿಗರು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿದ್ದಾರೆ.

“ಹಾರಿಸಿದರೇನಂತೆ, ಮತ್ತೆ ಬಂದು ಕೂರುತ್ತವಲ್ಲ”

ಕೂರುತ್ತವೆ, ನಿಜ. ಆದರೆ ಹೆಬ್ಬಾತುಗಳು ರಾತ್ರಿ, ಮುಂಜಾವಿನಲ್ಲಿ ಹೊಲಗಳಲ್ಲಿ ಮೇದು ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ನಾವು ತಿಂಡಿ ಮುಗಿಸಿ ದಡಕ್ಕೆ ಬರುವ ಹೊತ್ತು ಅವುಗಳ ವಿಶ್ರಾಂತಿಯ ಹೊತ್ತು. ಹಾರುವ ಚಿತ್ರ ಬೇಕೆಂದು ಯಾರೋ ಚಪ್ಪಾಳೆ ತಟ್ಟಿದರೆ ಇಡೀ ಹಿಂಡು ಎದ್ದು ಸುತ್ತು ಹೊಡೆಯುತ್ತದೆ. ಮಾರ್ಚ್ ಹೊತ್ತಿಗೆ ಮರಳಿ ಹಿಮಾಲಯ ದಾಟಲು ಬೇಕಾದ ಕಸುವು ಹೀಗೆ ಕೆರೆಯ ಮೇಲೆಯೇ ಕರಗುತ್ತದೆ.

ಗೂಡುಗಳ ಬಳಿ ಇನ್ನೂ ಕಷ್ಟ. ಮಧ್ಯಾಹ್ನದ ಉರಿಯಲ್ಲಿ ಬಣ್ಣದ ಕೊಕ್ಕರೆಯನ್ನು ದೂರದಿಂದಲೇ ಗಮನಿಸಿ. ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಅಗಲಿಸಿ, ಮರಿಗಳ ಮೇಲೆ ನೆರಳು ಹಿಡಿದು ನಿಂತಿರುತ್ತದೆ. ಮರಿಗಳು ಆ ನೆರಳಿನೊಳಗೇ ಸರಿದು ಸರಿದು ಕೂರುತ್ತವೆ. ತಾಯಿಯೋ ತಂದೆಯೋ ಬೆದರಿ ಎದ್ದರೆ ಬೆತ್ತಲೆ ಮೈಯ ಮರಿ ಬಿಸಿಲಿಗೆ ಬೀಳುತ್ತದೆ. ಕಾಗೆ, ಹದ್ದುಗಳಿಗೆ ಮೊಟ್ಟೆ ಎಗರಿಸಲು ಒಂದು ಗಳಿಗೆ ಸಾಕು. ಆದ್ದರಿಂದ ದೋಣಿಯಲ್ಲಿ ಹೋದಾಗ ಇನ್ನೂ ಹತ್ತಿರ ಒಯ್ಯುವಂತೆ ನಡೆಸುವವರನ್ನು ದಯವಿಟ್ಟು ಕಾಡಬೇಡಿ.

“ಮೊಬೈಲಿನಲ್ಲಿ ಕೂಗು ಹಾಕಿದರೆ ಹಕ್ಕಿ ತಾನೇ ಎದುರಿಗೆ ಬರುತ್ತದೆ”

ತನ್ನ ಜಾಗಕ್ಕೆ ಎದುರಾಳಿ ನುಗ್ಗಿದನೆಂದು ಗಾಬರಿಯಾಗಿ ಬರುತ್ತದೆ. ಬೇಡ.

“ಕೆರೆ ತುಂಬಿದಷ್ಟೂ ಹಕ್ಕಿ ಹೆಚ್ಚು”

ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಆಳದ ನೀರು ಸರಿ. ಗೊರವಗಳಿಗೆ, ಮೆಟ್ಟುಗಾಲು ಹಕ್ಕಿಗೆ ಬೇಕಾದುದು ಕಾಲು ಮುಳುಗುವಷ್ಟು ನೀರು ಮತ್ತು ಹಸಿ ಕೆಸರು. ಅವುಗಳ ಊಟವೆಲ್ಲ ಆ ಕೆಸರಿನೊಳಗಿದೆ. ತುಂಬಿದ ಕೆರೆಯ ನಡುವೆ ಕಣ್ಣು ನೆಟ್ಟು ‘ಏನೂ ಇಲ್ಲ’ ಎನ್ನುವವರು ಅಂಚಿನ ಜೌಗನ್ನು ನೋಡುವುದೇ ಇಲ್ಲ. ಅಘನಾಶಿನಿಯಲ್ಲಂತೂ ಗಡಿಯಾರ ನೋಡಿ ಹೊರಟರೆ ಸಾಲದು, ಉಬ್ಬರ ಇಳಿತದ ಪಟ್ಟಿ ಬೇಕು. ಅಲ್ಲಿ ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಲ್ಲಿ ಬಳಚು ಆರಿಸುವ ಜನರೂ ಕಡಲ ಹಕ್ಕಿಗಳೂ ಒಟ್ಟಿಗೇ ಇರುತ್ತಾರೆ.

“ಗುಂಪಿನಲ್ಲಿ ಹೋದರೆ ಬರೀ ಗದ್ದಲ”

ಐವತ್ತು ಜನ ಒಂದೇ ಸಲ ಏರಿಯ ಮೇಲೆ ನಿಂತರೆ ಗದ್ದಲವೇ. ಅದೇ ಐವತ್ತು ಜನ ನಾಲ್ಕೈದು ತಂಡಗಳಾಗಿ ಬೇರೆ ಬೇರೆ ದಿಕ್ಕಿನಿಂದ ನೋಡಿದರೆ ಒಬ್ಬರಿಂದಾಗದ ಕೆಲಸ ಆಗುತ್ತದೆ. 1987ರಲ್ಲಿ ಶುರುವಾದ ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುವುದು ಇಂಥ ಹವ್ಯಾಸಿಗಳ ಬಲದಿಂದಲೇ. ದೊಡ್ಡ ಹಿಂಡು ಕಂಡರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿ, ಅದೇ ಅಳತೆಯಿಂದ ಉಳಿದ ಹಿಂಡನ್ನು ಅಳೆಯಿರಿ. ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆಯಲಿ. ಅಪರೂಪದ ಹಕ್ಕಿ ಸಿಗಲಿಲ್ಲವೆಂದು ಕೊರಗುವ ಬದಲು ನಾಮದಕೋಳಿ ಎಷ್ಟಿವೆ ಎಂದು ಬರೆದಿಟ್ಟರೂ ಮುಂದೆ ಕೆರೆಯ ಆರೋಗ್ಯ ಅಳೆಯಲು ಅದು ಬೇಕಾಗುತ್ತದೆ.

“ಹಳ್ಳಿಯವರಿಗೆ ಹಕ್ಕಿಯ ಬೆಲೆ ಗೊತ್ತಿಲ್ಲ”

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆ ಫಸಲಿನ ನಷ್ಟವನ್ನೂ ತಲೆ ಮೇಲೆ ಬೀಳುವ ಹಿಕ್ಕೆಯನ್ನೂ ಊರು ಸಹಿಸಿಕೊಂಡಿದೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸುವ ಎಷ್ಟೋ ಮೊದಲೇ ಕಾಪಾಡಿದವರು ಆ ಊರಿನವರು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿದ್ದು ಅಲ್ಲಿಯ ಹುಡುಗರ ಹೆಜ್ಜಾರ್ಲೆ ಬಳಗ. ಗುಂಪಿನ ಮುಂದಾಳು ವಾರ ಮೊದಲೇ ಊರಿಗೆ ಹೋಗಿ, ಗೂಡುಗಳು ಯಾವ ಹಂತದಲ್ಲಿವೆ, ಬಸ್ಸು ಎಲ್ಲಿ ನಿಲ್ಲಿಸಬೇಕು, ಯಾವ ಬೀದಿಗೆ ಹೋಗಬಾರದು ಎಂದು ಊರಿನವರನ್ನೇ ಕೇಳಿ ಬರಬೇಕು. ಮಧ್ಯಾಹ್ನದ ಊಟವನ್ನೂ ಅಲ್ಲಿಯೇ ಹೇಳಿಟ್ಟು ಬರಬೇಕು.